ಕಣ್ಣಿನ ಚಿಕಿತ್ಸೆ ಮತ್ತು ಸರ್ಕಾರಿ ವಿಮೆ: ಹೋಟೆಲಿನವರು ಮೊದಲೇ ತಿಳಿದಿರಬೇಕಾದ ಸಂಗತಿಗಳು



ನಮ್ಮ ಪತ್ರಿಕೆಯಲ್ಲಿ ಗ್ಯಾಸ್ ಸಿಲಿಂಡರಿನ ದರ, ಲೈಸೆನ್ಸ್ ನವೀಕರಣ, ಉದ್ದಿನಬೇಳೆಯ ಮಾರುಕಟ್ಟೆ ಇವುಗಳ ಬಗ್ಗೆ ಓದುವುದು ರೂಢಿ. ಈ ಸಲ ಕಣ್ಣಿನ ವಿಷಯ ಬರೆಯುತ್ತಿದ್ದೇವೆ. ನಾವು ಎಸ್.ಎಸ್.ಎಲ್.ಸಿ. ತನಕ ಓದಿದವರು. ಡಾಕ್ಟರರೂ ಅಲ್ಲ, ವಕೀಲರೂ ಅಲ್ಲ. ಆದರೆ ಈ ಚೆನ್ನೈ ಪಟ್ಟಣದಲ್ಲಿ ನಮ್ಮ ಒಬ್ಬ ಕೆಲಸಗಾರನಿಗೆ ಸರ್ಕಾರಿ ವಿಮೆಯಲ್ಲಿ ಕಣ್ಣಿನ ಚಿಕಿತ್ಸೆ ಎಲ್ಲಿ ಸಿಗುತ್ತದೆ ಎಂದು ಹುಡುಕುತ್ತಾ ನಾಲ್ಕು ತಿಂಗಳು ಕಳೆದೆವು. ಆ ನಾಲ್ಕು ತಿಂಗಳು ನಮಗೆ ಕಲಿಸಿದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇವೆ. ಇದು ಇತರ ಸದಸ್ಯರಿಗೆ ಉಪಯೋಗವಾದರೆ ನಮಗೆ ಸಮಾಧಾನ.

ನಡೆದ ಸಂಗತಿ

ನಮ್ಮ ದೋಸೆ ಮಾಸ್ಟರು ಕುಂದಾಪುರದ ಕಡೆಯವರು. ನಮ್ಮಲ್ಲಿ 19 ವರ್ಷದಿಂದ ಇದ್ದಾರೆ. 2022ರ ಬೇಸಿಗೆಯಲ್ಲಿ ಅವರು ಅಡುಗೆಮನೆಯಲ್ಲಿ ಅಡ್ಡ ಬಂದವರಿಗೆ ಢಿಕ್ಕಿ ಹೊಡೆಯತೊಡಗಿದರು. ಕಲ್ಲಿನ ಮೇಲೆ ಹಿಟ್ಟು ಹೊಯ್ಯುವಾಗ ಏನೂ ತೊಂದರೆ ಇಲ್ಲ, ದೋಸೆ ಚಂದ್ರನ ಹಾಗೆ ದುಂಡಗೆ ಬರುತ್ತಿತ್ತು. ಎಡಗಡೆಯಿಂದ ಸಪ್ಲೈಯರ್ ಬಂದರೆ ಮಾತ್ರ ಗೊತ್ತಾಗುತ್ತಿರಲಿಲ್ಲ. ನಾವು ನಿದ್ದೆ ಸಾಲದೆ ಹೀಗಾಗುತ್ತಿದೆ ಎಂದುಕೊಂಡೆವು. ಒಂದು ದಿನ ಕುಡಿದಿದ್ದೀಯಾ ಎಂದೂ ಕೇಳಿಬಿಟ್ಟೆವು. ಅವರು ಜನ್ಮದಲ್ಲಿ ಕುಡಿದವರಲ್ಲ.

ಆ ವರ್ಷ ನಮ್ಮ ಬೀದಿಯ ಕಲ್ಯಾಣಮಂಟಪದಲ್ಲಿ ಉಚಿತ ಕಣ್ಣಿನ ಶಿಬಿರ ನಡೆಯಿತು. ಕಳುಹಿಸಿದೆವು. "ಪೊರೆ ಇಲ್ಲ, ಓದಲು ಕನ್ನಡಕ ಸಾಕು" ಎಂದು ಹೇಳಿ ಕಳುಹಿಸಿದರು. ನಾವು ನಿಶ್ಚಿಂತರಾದೆವು. ಅಲ್ಲಿ ನಮ್ಮ ತಿಳುವಳಿಕೆಯೇ ತಪ್ಪಿತ್ತು. ನಮ್ಮ ಹಿರಿಯರ ಕಾಲದಲ್ಲಿ ಕರ್ನಾಟಕದಲ್ಲಿ ಕಣ್ಣಿನ ಚಿಕಿತ್ಸೆ ಎಂದರೆ ಡಾ. ಎಂ.ಸಿ. ಮೋದಿಯವರ ಶಿಬಿರ. ಊರೂರು ತಿರುಗಿ ಪೊರೆ ತೆಗೆದು ಬಡವರಿಗೆ ಬೆಳಕು ಕೊಟ್ಟ ಪುಣ್ಯಾತ್ಮರು. ಅದನ್ನು ಕೇಳಿ ಬೆಳೆದ ನಮಗೆ ಕಣ್ಣಿನ ಕಾಯಿಲೆ ಎಂದರೆ ಪೊರೆ ಒಂದೇ, ಶಿಬಿರದಲ್ಲಿ ಪೊರೆ ಇಲ್ಲ ಎಂದರೆ ಕಣ್ಣು ಸರಿ ಇದೆ ಎಂಬ ನಂಬಿಕೆ. ಆದರೆ ಪೊರೆ ಹುಡುಕುವ ಶಿಬಿರದಲ್ಲಿ ಎಲ್ಲ ಪರೀಕ್ಷೆಯೂ ಆಗಿರುತ್ತದೆ ಎಂದಲ್ಲ.

2023ರ ಆರಂಭದಲ್ಲಿ ಮಾಸ್ಟರು ತಿರುಗುವಾಗ ಸಪ್ಲೈಯರ್ ಹುಡುಗನ ಕೈಯ ಸಾಂಬಾರ್ ಪಾತ್ರೆಗೆ ತಾಗಿ, ಬಿಸಿ ಸಾಂಬಾರು ಹುಡುಗನ ಕೈಮೇಲೆ ಬಿತ್ತು. ಆಗ ನಮಗೆ ಬುದ್ಧಿ ಬಂತು.

ಬಾಗಿಲಲ್ಲಿ ವಿಮೆಯ ಬೋರ್ಡ್ ಹಾಕಿದ್ದ ಒಂದು ಕಡೆ ಹೋದೆವು. ವಿಮೆ ಇರುವುದು ಅಡ್ಮಿಟ್ ಆಗುವ ಚಿಕಿತ್ಸೆಗೆ, ಹೊರರೋಗಿ ಪರೀಕ್ಷೆಗೆ ಹಣ ಕಟ್ಟಬೇಕು ಎಂದರು. ಇನ್ನೊಂದು ಕಡೆ ವಿಮೆ ಇತ್ತು, ಆದರೆ ಮೂಳೆ ಮತ್ತು ಹೃದಯದ ವಿಭಾಗಕ್ಕೆ ಮಾತ್ರ. ಕಣ್ಣಿನ ವಿಭಾಗ ಆ ಪಟ್ಟಿಯಲ್ಲಿ ಇರಲಿಲ್ಲ. ಮುಖ್ಯಮಂತ್ರಿ ವಿಮೆಯ ಕಾರ್ಡ್ ಮಾಡಿಸೋಣ ಎಂದರೆ ಮಾಸ್ಟರ ಸಂಬಳ ತಿಂಗಳಿಗೆ 18,000 ರೂ. ವರಮಾನದ ಮಿತಿ ದಾಟಿತ್ತು. ಕೊನೆಗೆ ಒಂದು ಕೌಂಟರಿನಲ್ಲಿ ಕುಳಿತಿದ್ದ ಹೆಣ್ಣುಮಗಳು ಸರಳವಾಗಿ ಕೇಳಿದಳು: "ಹೋಟೆಲಿನಲ್ಲಿ ಕೆಲಸ ಅನ್ನುತ್ತೀರಿ, ಇ.ಎಸ್.ಐ. ನಂಬರ್ ಎಲ್ಲಿ?"

ಇ.ಎಸ್.ಐ. ನಂಬರ್ ಇರಲಿಲ್ಲ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು. ನಮ್ಮಲ್ಲಿ 14 ಜನ ಕೆಲಸ ಮಾಡುತ್ತಿದ್ದರು. ಹಾಜರಿ ಪುಸ್ತಕದಲ್ಲಿ 9 ಹೆಸರು ಇತ್ತು. ಹತ್ತು ಆದರೆ ಇ.ಎಸ್.ಐ. ಬರುತ್ತದೆ ಎಂದು ಯಾರೋ ಹೇಳಿಕೊಟ್ಟದ್ದು, ನಾವು ಪಾಲಿಸಿಕೊಂಡು ಬಂದದ್ದು. ಮಾಸ್ಟರು ಮಾತಾಡಲಿಲ್ಲ. ಹೊರಗೆ ಬಂದು ಚಪ್ಪಲಿ ಹುಡುಕಿದರು. ಎಡಗಡೆಯ ಚಪ್ಪಲಿ ಅವರಿಗೆ ಕಾಣಲಿಲ್ಲ. ನಾವೇ ಕಾಲ ಹತ್ತಿರ ಸರಿಸಿದೆವು.

ಕೊನೆಗೆ ಯಾವ ಕಾರ್ಡೂ ಇಲ್ಲದೆ ಎಗ್ಮೋರಿನ ಸರ್ಕಾರಿ ಕಣ್ಣಿನ ಆಸ್ಪತ್ರೆಗೆ ಹೋದೆವು. ಅಲ್ಲಿ ಕಣ್ಣಿನ ಒತ್ತಡ ಅಳೆದರು, ನರ ನೋಡಿದರು, ಸುತ್ತಲಿನ ದೃಷ್ಟಿ ಎಷ್ಟಿದೆ ಎಂದು ಪರೀಕ್ಷೆ ಮಾಡಿದರು. ಗ್ಲಾಕೋಮಾ ಎಂದರು. ಎರಡೂ ಕಣ್ಣಿನಲ್ಲಿತ್ತು, ಎಡಗಣ್ಣಿನಲ್ಲಿ ಬಹಳ ಮುಂದುವರಿದಿತ್ತು. ಹೋದ ದೃಷ್ಟಿ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬಹುದು, ಹನಿ ಔಷಧ ಜೀವಮಾನವಿಡೀ ಬಿಡಬಾರದು ಎಂದು ತಿಳಿಸಿದರು.

ಈ ಅನುಭವದಿಂದ ನಾವು ಕಲಿತ ಪಾಠ ಒಂದೇ. ನಮ್ಮ ಕೆಲಸಗಾರನಿಗೆ ಯಾವ ಆಸ್ಪತ್ರೆಯ ಬಾಗಿಲು ತೆರೆಯುತ್ತದೆ ಎಂಬುದು ಆಸ್ಪತ್ರೆಯ ಬೋರ್ಡಿನಲ್ಲಿ ಬರೆದಿರುವುದಿಲ್ಲ, ನಮ್ಮ ಹಾಜರಿ ಪುಸ್ತಕದಲ್ಲಿ ಬರೆದಿರುತ್ತದೆ. ಈಗ ಒಂದೊಂದು ಬಾಗಿಲಿನ ವಿವರ ನೋಡೋಣ.

ಮೊದಲ ಬಾಗಿಲು: ಇ.ಎಸ್.ಐ.

ನೌಕರರ ರಾಜ್ಯ ವಿಮಾ ಕಾಯಿದೆ ಬಂದದ್ದು 1948ರಲ್ಲಿ. ಯೋಜನೆ 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಯಲ್ಲಿ ಆರಂಭವಾಯಿತು. 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಹೋಟೆಲುಗಳು ಇದಕ್ಕೆ ಒಳಪಡುತ್ತವೆ. ಕೆಲಸಗಾರನ ಸಂಬಳದ ಮಿತಿಯನ್ನು 2017ರ ಜನವರಿಯಿಂದ ತಿಂಗಳಿಗೆ 21,000 ರೂ. ಎಂದು ಏರಿಸಿದರು. 2019ರ ಜುಲೈಯಿಂದ ವಂತಿಗೆಯನ್ನು ಇಳಿಸಿ ಮಾಲೀಕರಿಗೆ ಶೇ. 3.25, ಕೆಲಸಗಾರರಿಗೆ ಶೇ. 0.75 ಎಂದು ಮಾಡಿದರು.

ಲೆಕ್ಕ ಹಾಕಿ ನೋಡಿ. 18,000 ರೂ. ಸಂಬಳಕ್ಕೆ ನಮ್ಮ ಪಾಲು 585 ರೂ., ಅವರ ಪಾಲು 135 ರೂ., ಒಟ್ಟು 720 ರೂ. ನಾವು ಉಳಿಸಿದೆವು ಎಂದುಕೊಂಡದ್ದು ದಿನಕ್ಕೆ ಸುಮಾರು 20 ರೂಪಾಯಿ. ಅದಕ್ಕೆ ಒಂದು ಕಣ್ಣು ಹೋಯಿತು ಎಂದು ಪೂರ್ತಿ ಹೇಳಲಾಗದು, ಕಾಯಿಲೆ ಮೊದಲೇ ಇತ್ತು. ಆದರೆ ತಡವಾದದ್ದಕ್ಕೆ ನಾವೂ ಕಾರಣ.

ಕಣ್ಣಿನ ಮಟ್ಟಿಗೆ ಇ.ಎಸ್.ಐ.ಯ ದೊಡ್ಡ ಅನುಕೂಲವೆಂದರೆ ಇದು ಅಡ್ಮಿಟ್ ಆದವರಿಗೆ ಮಾತ್ರ ಅಲ್ಲ. ಹೊರರೋಗಿ ಪರೀಕ್ಷೆ ಮತ್ತು ಔಷಧವೂ ಇದರಲ್ಲಿ ಸೇರಿದೆ. ಜೀವಮಾನವಿಡೀ ಹನಿ ಔಷಧ ಹಾಕಬೇಕಾದವರಿಗೆ ಇದು ಎಷ್ಟು ಮುಖ್ಯ ಎಂದು ಬೇರೆ ಹೇಳಬೇಕಾಗಿಲ್ಲ. ಕೆಲಸಗಾರನಿಗೂ ಅವನ ಕುಟುಂಬಕ್ಕೂ ವೈದ್ಯಕೀಯ ಸೌಲಭ್ಯ ಸೇರಿದ ದಿನದಿಂದಲೇ ಆರಂಭವಾಗುತ್ತದೆ.

ದಾರಿ ಹೀಗಿದೆ:

1. ಹೋಟೆಲಿಗೆ ಇ.ಎಸ್.ಐ. ಕೋಡ್ ಪಡೆಯಬೇಕು. ಪ್ರತಿ ಕೆಲಸಗಾರನ ಹೆಸರು ಸೇರಿಸಿದಾಗ ಅವನಿಗೆ 10 ಅಂಕಿಯ ವಿಮಾ ನಂಬರ್ ಬರುತ್ತದೆ.

2. ಇ-ಪಹಚಾನ್ ಕಾರ್ಡನ್ನು ಮುದ್ರಿಸಿ ಕೆಲಸಗಾರನ ಕೈಗೆ ಕೊಡಿ. ಆಡಿಟರ ಕಂಪ್ಯೂಟರಿನಲ್ಲಿ ಇದ್ದರೆ ಪ್ರಯೋಜನವಿಲ್ಲ. ಆಧಾರಿನಲ್ಲಿರುವ ಹೆಸರೂ ಇಲ್ಲಿರುವ ಹೆಸರೂ ಒಂದೇ ಆಗಿರಲಿ. ನಮ್ಮ ಕಡೆ ಊರಿನ ಹೆಸರು, ತಂದೆಯ ಹೆಸರು, ಜಾತಿಯ ಹೆಸರು ಹಿಂದೆ ಮುಂದೆ ಆಗುವುದು ಹೆಚ್ಚು. ಅದನ್ನು ಸೇರಿಸುವಾಗಲೇ ಸರಿಪಡಿಸಿ.

3. ಹೆಂಡತಿ, ಮಕ್ಕಳು, ಅವಲಂಬಿತ ತಂದೆತಾಯಿ ಇವರ ಹೆಸರನ್ನು ಸೇರಿಸಿ. ಕುಟುಂಬ ಊರಿನಲ್ಲೇ ಇದ್ದರೆ ಅವರಿಗೆ ಆ ಕಡೆಯ ಡಿಸ್ಪೆನ್ಸರಿಯನ್ನು ತೋರಿಸಬಹುದು.

4. ಮೊದಲು ತನ್ನ ಡಿಸ್ಪೆನ್ಸರಿಗೆ ಹೋಗಬೇಕು. ಅಲ್ಲಿನ ವೈದ್ಯರು ಇ.ಎಸ್.ಐ. ಆಸ್ಪತ್ರೆಗೆ ಬರೆದುಕೊಡುತ್ತಾರೆ. ಚೆನ್ನೈಯಲ್ಲಿ ಕೆ.ಕೆ. ನಗರ ಮತ್ತು ಅಯನಾವರಂನಲ್ಲಿ ಇ.ಎಸ್.ಐ. ಆಸ್ಪತ್ರೆಗಳಿವೆ.

5. ಅಲ್ಲಿ ಆಗದ ಚಿಕಿತ್ಸೆಗೆ ಒಪ್ಪಂದ ಮಾಡಿಕೊಂಡ ಖಾಸಗಿ ಆಸ್ಪತ್ರೆಗೆ ಪತ್ರ ಕೊಡುತ್ತಾರೆ. ಆ ಪತ್ರ ಇದ್ದರೆ ಕೈಯಿಂದ ಹಣ ಹಾಕಬೇಕಾಗಿಲ್ಲ. ಪತ್ರ ಇಲ್ಲದೆ ನೇರವಾಗಿ ಹೋಗಿ ಆಮೇಲೆ ಬಿಲ್ ಹಿಡಿದು ಓಡಾಡುವುದು ಬಹಳ ಕಷ್ಟ.

ವಂತಿಗೆಯನ್ನು ಮುಂದಿನ ತಿಂಗಳ 15ನೇ ತಾರೀಕಿನೊಳಗೆ ಕಟ್ಟಬೇಕು. ಕಣ್ಣಿನ ಆಪರೇಷನ್ ಆಗಿ ವಿಶ್ರಾಂತಿ ಬೇಕಾದಾಗ, ವಂತಿಗೆಯ ಅವಧಿಯಲ್ಲಿ 78 ದಿನ ಕಟ್ಟಿದ್ದರೆ ಸಂಬಳದ ಶೇ. 70ರಷ್ಟು ಕಾಯಿಲೆ ಭತ್ಯೆಯೂ ಸಿಗುತ್ತದೆ. ಕನಿಷ್ಠ 5 ವರ್ಷ ವಿಮೆಯಲ್ಲಿದ್ದು ನಿವೃತ್ತರಾದವರು ವರ್ಷಕ್ಕೆ 120 ರೂ. ಕಟ್ಟಿ ತಮಗೂ ಹೆಂಡತಿಗೂ ಚಿಕಿತ್ಸೆ ಮುಂದುವರಿಸಬಹುದು. ಪೊರೆ ಬರುವುದು ಹೆಚ್ಚಾಗಿ ಆ ವಯಸ್ಸಿನಲ್ಲೇ ಅಲ್ಲವೇ?

ಹತ್ತಕ್ಕಿಂತ ಕಡಿಮೆ ಜನ ಇರುವ ಸಣ್ಣ ಹೋಟೆಲಿನವರಿಗೆ ಒಂದು ಮಾತು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ, ಮಾಲೀಕರೂ ಹೆಚ್ಚಿನ ಕೆಲಸಗಾರರೂ ಒಪ್ಪಿದರೆ ಸ್ವಇಚ್ಛೆಯಿಂದ ಸೇರಲು ಅವಕಾಶ ಇದೆ. ಸಂಶಯಗಳಿಗೆ ಇ.ಎಸ್.ಐ.ಯ ಉಚಿತ ದೂರವಾಣಿ 1800 11 2526.

ಎರಡನೇ ಬಾಗಿಲು: ಮುಖ್ಯಮಂತ್ರಿ ವಿಮೆ ಮತ್ತು ಆಯುಷ್ಮಾನ್

ತಮಿಳುನಾಡಿನಲ್ಲಿ 2009ರಲ್ಲಿ ಕಲೈಞರ್ ಹೆಸರಿನಲ್ಲಿ ವಿಮಾ ಯೋಜನೆ ಆರಂಭವಾಯಿತು. 2012ರಲ್ಲಿ ಮುಖ್ಯಮಂತ್ರಿಗಳ ಸಮಗ್ರ ಆರೋಗ್ಯ ವಿಮಾ ಯೋಜನೆ ಬಂತು. 2018ರಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆಯನ್ನು ಇದರೊಂದಿಗೆ ಜೋಡಿಸಿದರು. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ತನಕ ಚಿಕಿತ್ಸೆ. ಕುಟುಂಬದ ವಾರ್ಷಿಕ ವರಮಾನದ ಮಿತಿ ಮೊದಲು 72,000 ರೂ. ಇತ್ತು, 2022ರಲ್ಲಿ 1,20,000 ರೂ. ಮಾಡಿದರು. ರೇಷನ್ ಕಾರ್ಡ್, ಆಧಾರ್, ವರಮಾನದ ಸರ್ಟಿಫಿಕೇಟ್ ಇವುಗಳೊಂದಿಗೆ ಕಲೆಕ್ಟರ್ ಕಚೇರಿಯಲ್ಲಿರುವ ವಿಮಾ ಕೇಂದ್ರದಲ್ಲಿ ಕಾರ್ಡ್ ಮಾಡಿಸಬೇಕು. 6 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ನೆಲೆಸಿದ್ದಾರೆ ಎಂದು ಅಧಿಕಾರಿಗಳ ದೃಢೀಕರಣ ಇದ್ದರೆ ಹೊರರಾಜ್ಯದವರಿಗೂ ಅವಕಾಶ ಇಟ್ಟಿದ್ದಾರೆ. ಈಗ ನಮ್ಮ ಹೋಟೆಲುಗಳಲ್ಲಿ ಉಡುಪಿ, ಕುಂದಾಪುರದ ಹುಡುಗರಿಗಿಂತ ಒಡಿಶಾ, ಅಸ್ಸಾಮಿನ ಹುಡುಗರೇ ಹೆಚ್ಚು. ಆದುದರಿಂದ ಇದನ್ನು ಗಮನದಲ್ಲಿಡಿ.

ಇಲ್ಲಿ ನಮ್ಮವರು ತಪ್ಪು ತಿಳಿಯುವುದು ಎರಡು ಕಡೆ. ಒಂದು, ಇದು ಮುಖ್ಯವಾಗಿ ಅಡ್ಮಿಟ್ ಆಗಿ ಮಾಡಿಸುವ ಚಿಕಿತ್ಸೆಗೆ ಮತ್ತು ಆಪರೇಷನ್ನಿಗೆ. ಕನ್ನಡಕಕ್ಕೂ ತಿಂಗಳು ತಿಂಗಳು ಕೊಳ್ಳುವ ಹನಿಗೂ ಅಲ್ಲ. ಎರಡು, ಮಾಸ್ಟರು, ಸಪ್ಲೈಯರ್, ಕ್ಯಾಷಿಯರ್ ಇವರಲ್ಲಿ ಅನೇಕರ ಸಂಬಳ ವರ್ಷಕ್ಕೆ 1,20,000 ರೂ. ದಾಟಿರುತ್ತದೆ. ಈ ಕಾರ್ಡಿಗೆ ಅವರು ಶ್ರೀಮಂತರು, ಖಾಸಗಿ ಆಸ್ಪತ್ರೆಯ ಬಿಲ್ಲಿಗೆ ಬಡವರು. ಇಂಥವರಿಗೆ ಇ.ಎಸ್.ಐ.ಯೇ ಗತಿ, ಅದರ ಬೀಗದ ಕೈ ಇರುವುದು ನಮ್ಮ ಸೊಂಟದಲ್ಲಿ.

ಕರ್ನಾಟಕದ ಕಾರ್ಡ್ ಇದ್ದವರು ಅದನ್ನು ಇಲ್ಲಿ ತೋರಿಸಬಹುದೇ ಎಂದು ಕೇಳುತ್ತಾರೆ. ಆಯುಷ್ಮಾನ್ ಫಲಾನುಭವಿಗಳಿಗೆ ಬೇರೆ ರಾಜ್ಯದಲ್ಲೂ ಚಿಕಿತ್ಸೆ ಪಡೆಯುವ ಸೌಲಭ್ಯ ಇದೆ. ಆದರೆ ರಾಜ್ಯದ ಯೋಜನೆಯಲ್ಲಿ ಇರುವವರೆಲ್ಲ ಕೇಂದ್ರದ ಪಟ್ಟಿಯಲ್ಲೂ ಇರುತ್ತಾರೆ ಎಂದಲ್ಲ. 14555ಕ್ಕೆ ಫೋನ್ ಮಾಡಿ ಹೆಸರು ಪಟ್ಟಿಯಲ್ಲಿ ಇದೆಯೇ ಎಂದು ಕೇಳಿಕೊಂಡೇ ಹೊರಡಿ. ಮುಖ್ಯಮಂತ್ರಿ ವಿಮೆಗೆ 1800 425 3993.

ಮೂರನೇ ಬಾಗಿಲು: ಕಾರ್ಡ್ ಕೇಳದ ಬಾಗಿಲು

ಎಗ್ಮೋರಿನ ಸರ್ಕಾರಿ ಕಣ್ಣಿನ ಆಸ್ಪತ್ರೆಯ ಮುಂದೆ ನಾವು 30 ವರ್ಷ ತರಕಾರಿ ಗಾಡಿಯಲ್ಲಿ ಹೋಗಿ ಬಂದಿದ್ದೇವೆ. ಅದರ ಯೋಗ್ಯತೆ ನಮಗೆ ಗೊತ್ತಿರಲಿಲ್ಲ. 1819ರಲ್ಲಿ ಆರಂಭವಾದ ಈ ಆಸ್ಪತ್ರೆ, 1805ರ ಲಂಡನ್ನಿನ ಮೂರ್‌ಫೀಲ್ಡ್ಸ್ ಆಸ್ಪತ್ರೆಯ ನಂತರ ಪ್ರಪಂಚದಲ್ಲೇ ಎರಡನೇ ಹಳೆಯ ಕಣ್ಣಿನ ಆಸ್ಪತ್ರೆ ಎಂದು ಹೆಸರಾಗಿದೆ. ಕಳೆದ ಶತಮಾನದ ಆರಂಭದಲ್ಲಿ ಇಲ್ಲಿ ಮುಖ್ಯಸ್ಥರಾಗಿದ್ದ ಎಲಿಯಟ್ ಎಂಬ ವೈದ್ಯರು ಗ್ಲಾಕೋಮಾಕ್ಕೆ ಮಾಡಿದ ಶಸ್ತ್ರಚಿಕಿತ್ಸೆ ಬೇರೆ ದೇಶಗಳಿಗೂ ಹರಡಿತು. 1945ರಲ್ಲಿ ಡಾ. ಮುತ್ತಯ್ಯನವರು ದೇಶದ ಮೊದಲ ನೇತ್ರ ಬ್ಯಾಂಕನ್ನು ಸ್ಥಾಪಿಸಿದ್ದೂ ಇಲ್ಲೇ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕಾಗಿ ಊರೆಲ್ಲ ಅಲೆದ ಹಾಗಾಯಿತು ನಮ್ಮ ಕಥೆ.

ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಬೇಕಾಗುತ್ತದೆ, ಅದು ನಿಜ. ಬೆಳಿಗ್ಗೆ ಬೇಗ ಹೋಗಬೇಕು, ಜೊತೆಗೆ ಒಬ್ಬರು ಇರಬೇಕು. ಕಣ್ಣಿಗೆ ಪಾಪೆ ಅಗಲಿಸುವ ಹನಿ ಹಾಕಿದರೆ ಕೆಲವು ಗಂಟೆ ಮಬ್ಬಾಗಿರುತ್ತದೆ, ಆ ದಿನ ಬೆಂಕಿಯ ಮುಂದೆ ನಿಲ್ಲಿಸಬೇಡಿ. ಒಂದು ದಿನದ ರಜೆಯನ್ನು ಸಂಬಳ ಸಹಿತ ಕೊಟ್ಟರೆ ಮಾತ್ರ ಅವರು ಹೋಗುತ್ತಾರೆ, ಇಲ್ಲದಿದ್ದರೆ "ಈಗ ಸರಿ ಇದೆ ಸ್ವಾಮಿ" ಎನ್ನುತ್ತಾರೆ.

ಇದಲ್ಲದೆ ಧರ್ಮಾರ್ಥ ವಿಭಾಗ ಇಟ್ಟುಕೊಂಡ ಆಸ್ಪತ್ರೆಗಳೂ ಇವೆ. 1978ರಲ್ಲಿ ಡಾ. ಬದರೀನಾಥ್ ಅವರು ಸ್ಥಾಪಿಸಿದ ಶಂಕರ ನೇತ್ರಾಲಯದಲ್ಲಿ ವರಮಾನ ಕಡಿಮೆ ಇರುವವರಿಗೆ ಪ್ರತ್ಯೇಕ ವಿಭಾಗ ಇದೆ. 1976ರಲ್ಲಿ ಡಾ. ವೆಂಕಟಸ್ವಾಮಿಯವರು ಮದುರೆಯಲ್ಲಿ ಆರಂಭಿಸಿದ ಅರವಿಂದ ಕಣ್ಣಿನ ಆಸ್ಪತ್ರೆಯ ಶಾಖೆ ಪೂನಮಲ್ಲಿ ಹೆದ್ದಾರಿಯಲ್ಲಿದೆ, ಹಣ ಕೊಡುವವರಿಗೂ ಕೊಡಲಾಗದವರಿಗೂ ಅಲ್ಲಿ ಬೇರೆ ಬೇರೆ ವ್ಯವಸ್ಥೆ. ಇವು ವಿಮೆ ಅಲ್ಲ, ಆದರೆ ವಿಮೆ ಇಲ್ಲದ ದಿನ ಕೈ ಹಿಡಿಯುವ ಸ್ಥಳಗಳು.

ಹೊರಡುವ ಮೊದಲು ಕೇಳಬೇಕಾದ ಪ್ರಶ್ನೆಗಳು

ಯಾವ ಆಸ್ಪತ್ರೆಗೆ ಹೋಗುವುದಿದ್ದರೂ ಮೊದಲು ಫೋನ್ ಮಾಡಿ ಇವನ್ನು ಕೇಳಿ. ಕಾಗದದಲ್ಲಿ ಬರೆದು ಕ್ಯಾಷ್ ಟೇಬಲಿನ ಹತ್ತಿರ ಅಂಟಿಸಿಡಿ:

1. ನೀವು ಯಾವ ವಿಮೆ ಸ್ವೀಕರಿಸುತ್ತೀರಿ? ಇ.ಎಸ್.ಐ.ಯೋ, ಮುಖ್ಯಮಂತ್ರಿ ವಿಮೆಯೋ, ಆಯುಷ್ಮಾನೋ? "ಎಲ್ಲ ಇದೆ" ಎಂಬ ಉತ್ತರವನ್ನು ನಂಬಬೇಡಿ, ಹೆಸರು ಹೇಳಿಸಿ.

2. ಕಣ್ಣಿನ ವಿಭಾಗಕ್ಕೆ ಆ ವಿಮೆ ಇದೆಯೇ?

3. ನಮಗೆ ಬೇಕಾದ ಚಿಕಿತ್ಸೆ ಆ ಪಟ್ಟಿಯಲ್ಲಿ ಇದೆಯೇ? ಪೊರೆ, ಗ್ಲಾಕೋಮಾ, ಸಕ್ಕರೆ ಕಾಯಿಲೆಯಿಂದ ಬಂದ ರೆಟಿನಾ ತೊಂದರೆ ಇವು ಬೇರೆ ಬೇರೆ.

4. ಮೊದಲ ಪರೀಕ್ಷೆಗೆ ಹಣ ಎಷ್ಟು? ಲೆನ್ಸ್, ಔಷಧ ಇವುಗಳಿಗೆ ಬೇರೆ ಕೊಡಬೇಕೇ?

5. ಪತ್ರ ಬೇಕೇ? ಯಾವ ಕಾಗದಗಳನ್ನು ತರಬೇಕು?

ವಿಮೆ ಇರುವ ಆಸ್ಪತ್ರೆಗಳಲ್ಲಿ ಯೋಜನೆಯ ಪ್ರತಿನಿಧಿ ಕೂರುವ ಮೇಜು ಇರುತ್ತದೆ. ಡಾಕ್ಟರರ ಬಳಿಗೆ ಹೋಗುವ ಮೊದಲು ಅಲ್ಲಿಗೆ ಹೋಗಿ. ಆಪರೇಷನ್ ಮುಗಿದ ಮೇಲೆ ಕಾರ್ಡ್ ತೆಗೆದರೆ ಊಟ ಮುಗಿದ ಮೇಲೆ ಕೂಪನ್ ತೋರಿಸಿದ ಹಾಗೆ.

ವಿಮೆ ಕೇಳದೆ ಓಡಬೇಕಾದ ಸಂದರ್ಭ

ಕಣ್ಣಿಗೆ ಬಿಸಿ ಎಣ್ಣೆ ಸಿಡಿದರೆ, ಪಾತ್ರೆ ತೊಳೆಯುವ ಸೋಡಾ, ಆಸಿಡ್, ಸುಣ್ಣ ಬಿದ್ದರೆ ಕಾರ್ಡ್ ಹುಡುಕುತ್ತಾ ಕೂರಬಾರದು. ತಕ್ಷಣ ನಲ್ಲಿಯ ಕೆಳಗೆ ಶುದ್ಧ ನೀರಿನಿಂದ 15-20 ನಿಮಿಷ ತೊಳೆಯಬೇಕು. ಕಣ್ಣು ಉಜ್ಜಬಾರದು. ತುಪ್ಪ, ಎದೆಹಾಲು, ಎಣ್ಣೆ ಏನನ್ನೂ ಹಾಕಬಾರದು. ಹತ್ತಿರದ ಕಣ್ಣಿನ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಬೇಕು. ಇ.ಎಸ್.ಐ. ಇದ್ದರೆ ಕೆಲಸದಲ್ಲಿ ಆದ ಗಾಯ ಎಂದು ಅಪಘಾತದ ವರದಿಯನ್ನು ಕೂಡಲೇ ಕೊಡಬೇಕು.

ಹಾಗೆಯೇ ಒಂದೇ ಸಲ ದೃಷ್ಟಿ ಹೋಗುವುದು, ಕಣ್ಣು ಕೆಂಪಾಗಿ ತಲೆನೋವು ವಾಂತಿ ಬರುವುದು, ಮಿಂಚು ಹೊಡೆದ ಹಾಗೆ ಕಂಡು ಪರದೆ ಇಳಿದಂತಾಗುವುದು ಇವೂ ಅದೇ ದಿನ ತೋರಿಸಬೇಕಾದ ಲಕ್ಷಣಗಳು.

ಅಡುಗೆಮನೆಯಲ್ಲಿ ಗಮನಿಸಬೇಕಾದದ್ದು

ಗ್ಲಾಕೋಮಾ ಹೆಚ್ಚಿನವರಲ್ಲಿ ನೋವು ಕೊಡದೆ ಬರುತ್ತದೆ. ನೇರ ದೃಷ್ಟಿ ಕೊನೆಯ ತನಕ ಇರುವುದರಿಂದ ಸ್ವತಃ ಅವರಿಗೂ ಗೊತ್ತಾಗುವುದಿಲ್ಲ. ಪಕ್ಕದಿಂದ ಬಂದವರಿಗೆ ಢಿಕ್ಕಿ ಹೊಡೆಯುವುದು, ಮೆಟ್ಟಿಲು ತಪ್ಪುವುದು, ಬದಿಯಲ್ಲಿಟ್ಟ ಲೋಟ ಬೀಳಿಸುವುದು ಕಂಡರೆ ಬೈಯುವ ಮೊದಲು ಕಣ್ಣು ತೋರಿಸಿ. ಪೊರೆ ಬಂದವರಿಗೆ ಮಬ್ಬು, ಲೈಟಿನ ಸುತ್ತ ಬಳೆ. ಸಕ್ಕರೆ ಕಾಯಿಲೆ ಇರುವವರು ಕಣ್ಣು ಚೆನ್ನಾಗಿ ಕಂಡರೂ ವರ್ಷಕ್ಕೊಮ್ಮೆ ರೆಟಿನಾ ಪರೀಕ್ಷೆ ಮಾಡಿಸಬೇಕು. ನಲ್ವತ್ತು ದಾಟಿದ ಎಲ್ಲರೂ ಕಣ್ಣಿನ ಒತ್ತಡ ಮತ್ತು ನರದ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಮನೆಯಲ್ಲಿ ಒಬ್ಬರಿಗೆ ಗ್ಲಾಕೋಮಾ ಇದ್ದರೆ ಅಣ್ಣ ತಮ್ಮಂದಿರು, ಮಕ್ಕಳು ತಪ್ಪದೆ ತೋರಿಸಬೇಕು. ನಮ್ಮ ಮಾಸ್ಟರ ತಮ್ಮನಿಗೂ ಇತ್ತು. ಅವನು ಬೇಗ ಹೋದದ್ದರಿಂದ ಏನೂ ಹಾನಿಯಾಗಲಿಲ್ಲ.

ಕೊನೆಯ ಮಾತು

2023ರ ಜುಲೈಯಲ್ಲಿ ನಮ್ಮ 14 ಜನರನ್ನೂ ಇ.ಎಸ್.ಐ.ಗೆ ಸೇರಿಸಿದೆವು. ಮಾಸ್ಟರ ಹನಿ ಔಷಧ ಈಗ ಡಿಸ್ಪೆನ್ಸರಿಯಿಂದಲೇ ಬರುತ್ತದೆ. ಬಲಗಣ್ಣು ಹಾಗೇ ನಿಂತಿದೆ. ದೋಸೆ ಕಲ್ಲಿನ ಮುಂದೆ ಈಗ ಬೇರೆ ಹುಡುಗ ನಿಲ್ಲುತ್ತಾನೆ. ಮಾಸ್ಟರು ಹಿಟ್ಟಿನ ಹದ ನೋಡುತ್ತಾರೆ, ಮಸಾಲೆ ಅಳೆಯುತ್ತಾರೆ, ಹುಡುಗನಿಗೆ ಕಲಿಸುತ್ತಾರೆ. ನಾವು ಅವರ ಎಡಗಡೆಯಿಂದ ಹೋಗುವಾಗ "ಬಂದೆ" ಎಂದು ಹೇಳಿ ಹೋಗುತ್ತೇವೆ. ಅಡುಗೆಮನೆಯಲ್ಲಿ ಎಲ್ಲರಿಗೂ ಅದು ಅಭ್ಯಾಸವಾಗಿದೆ.

ಮದ್ರಾಸಿನಲ್ಲಿ ಉಡುಪಿ ಹೋಟೆಲಿನ ಹೆಸರು ಬೆಳೆಸಿದ ಕಡಂದಲೆ ಕೃಷ್ಣರಾಯರೂ ಅಡುಗೆಮನೆಯ ಕೆಲಸದಿಂದಲೇ ಮೇಲೆ ಬಂದವರು. ನಮ್ಮಲ್ಲಿ ಅನೇಕರ ತಂದೆ, ದೊಡ್ಡಪ್ಪಂದಿರೂ ಹಾಗೆಯೇ. ಹೊಗೆಯ ಮುಂದೆ ನಿಂತವರ ಕಣ್ಣಿನಿಂದ ನಮ್ಮ ಹೋಟೆಲುಗಳು ಬೆಳೆದಿವೆ. ಆದುದರಿಂದ ಸದಸ್ಯರಲ್ಲಿ ವಿನಂತಿ: ಈ ಪತ್ರಿಕೆ ಮಡಚಿಡುವ ಮೊದಲು ನಿಮ್ಮ ಹಾಜರಿ ಪುಸ್ತಕ ತೆಗೆಯಿರಿ. ಅದರಲ್ಲಿರುವ ಹೆಸರುಗಳನ್ನು ಎಣಿಸಿ. ಆಮೇಲೆ ಅಡುಗೆಮನೆಗೆ ಹೋಗಿ ತಲೆಗಳನ್ನು ಎಣಿಸಿ. ಎರಡೂ ಲೆಕ್ಕ ಒಂದೇ ಬಂದರೆ ಸಂತೋಷ. ಬರದಿದ್ದರೆ ನಾಳೆಯೇ ಆಡಿಟರನ್ನು ಕರೆಯಿರಿ.